ಟಿಸಿಪಿ ಪಾಠ ಇನ್ನೂ ಏಕೆ ಬೇಕು?

ಪ್ರಶ್ನೆ: ಈಗ ಎಲ್ಲವನ್ನೂ ಕ್ಲೌಡ್ ಕಂಪನಿಗಳೇ ನೋಡಿಕೊಳ್ಳುವಾಗ ಪದವಿಯಲ್ಲಿ ಟಿಸಿಪಿ ಎಂಬ, ಜಾಲದಲ್ಲಿ ದತ್ತಾಂಶ ಸಾಗಿಸುವ ಪ್ರೋಟೊಕಾಲ್‌ನ ಒಳಹೂರಣ ಕಲಿಯುವುದು ಏಕೆ?

ಉತ್ತರ: ಜಾಲ ಕೆಡಲು ತಂತಿ ತುಂಡಾಗಬೇಕೆಂದಿಲ್ಲ, ತುದಿಯ ಕಂಪ್ಯೂಟರ್‌ಗಳ ನಡವಳಿಕೆಯೇ ಸಾಕು. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ, ಬರೀ 400 ಗಜ ದೂರದಲ್ಲಿ, ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದ ಕಡೆ 40 ಬಿಟ್ ತೆವಳತೊಡಗಿತು. ದಟ್ಟಣೆಯಿಂದ ಪ್ಯಾಕೆಟ್‌ಗಳು ಕಳೆದುಹೋದಾಗ ಕಳಿಸುವ ಕಂಪ್ಯೂಟರ್‌ಗಳು ಅವನ್ನೇ ಮತ್ತೆ ಮತ್ತೆ ತಳ್ಳಿ ದಟ್ಟಣೆಯನ್ನು ಹೆಚ್ಚಿಸುತ್ತಿದ್ದವು. ಪ್ಯಾಕೆಟ್ ಕಳೆದರೆ ವೇಗ ತಗ್ಗಿಸು, ಆಮೇಲೆ ಮೆಲ್ಲಗೆ ಏರಿಸು ಎಂಬ ಶಿಸ್ತನ್ನು ಸಂಶೋಧಕ ವ್ಯಾನ್ ಜೇಕಬ್ಸನ್ 1988ರ ಪ್ರಬಂಧದಲ್ಲಿ ವಿವರಿಸಿದರು. ರೋಗವನ್ನು ಪತ್ತೆ ಹಚ್ಚಿದ್ದು ಟಿಸಿಪಿಯ ಒಳಗು ಬಲ್ಲವರೇ.

ಈಗ ಫೈಬರ್ ಇದೆಯಲ್ಲ ಎನ್ನಬಹುದು. ಲೆಕ್ಕ ಹಾಕಿ ನೋಡಿ: ಟಿಸಿಪಿಯ ಮೂಲ ವಿಂಡೋ, ಅಂದರೆ ತಲುಪಿತೆಂಬ ಉತ್ತರ ಬರುವ ಮುನ್ನ ಕಳಿಸಬಹುದಾದ ಗರಿಷ್ಠ ದತ್ತಾಂಶ, 65,535 ಬೈಟ್. ಪ್ಯಾಕೆಟ್ ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗಿ ಉತ್ತರ ಬರಲು 200 ಮಿಲಿಸೆಕೆಂಡ್ ಹಿಡಿದರೆ, ಗಿಗಾಬಿಟ್ ಸಂಪರ್ಕವಿದ್ದರೂ ಒಂದು ಕನೆಕ್ಷನ್‌ಗೆ ದಕ್ಕುವುದು ಸೆಕೆಂಡಿಗೆ ಸುಮಾರು 2.6 ಮೆಗಾಬಿಟ್. ವಿಂಡೋ ಹಿಗ್ಗಿಸುವ ಸೌಲಭ್ಯ ಬಂದದ್ದೇ ಇದಕ್ಕಾಗಿ. ಅದು ಎಲ್ಲಾದರೂ ಕೆಲಸ ಮಾಡದೆ ಹೋದರೆ, ಕಾರಣ ತಿಳಿಯದವರು ಇನ್ನೂ ದುಬಾರಿ ಪ್ಲಾನ್ ಕೊಳ್ಳುತ್ತಾರೆ, ವೇಗ ಅಷ್ಟೇ ಇರುತ್ತದೆ. 2021ರಲ್ಲಿ ಮಾನಕವಾದ ಕ್ವಿಕ್ ಎಂಬ ಪ್ರೋಟೊಕಾಲ್ ಟಿಸಿಪಿಯನ್ನು ಬಿಟ್ಟು, ಅದಕ್ಕಿಂತ ಸರಳವಾದ ಯುಡಿಪಿ ಮೇಲೆ ನಿಂತಿದೆ ನಿಜ. ಆದರೆ ನಷ್ಟದ ಪತ್ತೆ, ದಟ್ಟಣೆಯ ನಿಯಂತ್ರಣ ಎರಡನ್ನೂ ಅದು ಹೊತ್ತುಕೊಂಡೇ ಬಂದಿದೆ. ಜಾಲದ ಪದರಗಳ ಹೆಸರು ಬಾಯಿಪಾಠ ಮಾಡಿಸುವ ಪರೀಕ್ಷೆಯ ಬಗ್ಗೆ ನಿಮಗೆ ಬೇಸರವಿದ್ದರೆ ನಾನೂ ಒಪ್ಪುತ್ತೇನೆ. ಅದರ ಬದಲು, ಪ್ಯಾಕೆಟ್‌ಗಳನ್ನು ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ತೆರೆದು ಒಂದು ಕನೆಕ್ಷನ್ ಹುಟ್ಟಿ ಮುಗಿಯುವುದನ್ನು ಪ್ಯಾಕೆಟ್ ಪ್ಯಾಕೆಟ್ ಆಗಿ ನೋಡುವುದರಿಂದ ಪಾಠ ಶುರುವಾಗಬೇಕು.