ಮಳಿಗೆ ನಿಮ್ಮ ಹೆಸರಿಗೆ ಆಯ್ತು, ಬೀಗದ ಕೈ ಮಾತ್ರ ಬಾಡಿಗೆದಾರರ ಹತ್ರಾನೇ ಇದೆ!

ಚಿಂತಾಮಣಿ ಪೇಟೆಯಲ್ಲಿ ನೀವೊಂದು ಮಳಿಗೆ ನೋಡಿದ್ದೀರಿ ಅಂತಿಟ್ಕೊಳ್ಳಿ. ಅಲ್ಲಿ ಸ್ವಂತ ಮೊಬೈಲ್ ಅಂಗಡಿ ಹಾಕೋ ಆಸೆ. ರೇಟು ಅಕ್ಕಪಕ್ಕದ್ದಕ್ಕಿಂತ ಕಡಿಮೆ. ಕಾರಣ ಏನಂದ್ರೆ, ಒಳಗೆ ಹತ್ತು ವರ್ಷದಿಂದ ಒಬ್ಬರು ಬಟ್ಟೆ ವ್ಯಾಪಾರ ಮಾಡ್ತಿದ್ದಾರೆ. ‘ಮೊದಲು ರಿಜಿಸ್ಟರ್ ಮಾಡಿಸ್ಕೊಳ್ಳಿ, ತಿಂಗಳೊಳಗೆ ಖಾಲಿ ಮಾಡಿಸ್ಕೊಡ್ತೀನಿ’ ಅಂತಾರೆ ಮಾಲೀಕರು. ಈ ಮಾತಿನ ಮೇಲೆ ಪೂರ್ತಿ ದುಡ್ಡು ಕೊಡಬೇಡಿ ಅಂತಲೇ ನಾನು ಹೇಳೋದು.

1882ರ ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 109ರ ಪ್ರಕಾರ, ಮಾಲೀಕರು ಬದಲಾದ ಮಾತ್ರಕ್ಕೆ ಬಾಡಿಗೆ ಮುರಿದು ಬೀಳಲ್ಲ. ಹಳೇ ಮಾಲೀಕರ ಜಾಗಕ್ಕೆ ನೀವು ಬರ್ತೀರಿ, ಅಷ್ಟೇ. 5 ವರ್ಷದ ರಿಜಿಸ್ಟರ್ಡ್ ಕರಾರಿದ್ದು ಇನ್ನೂ 3 ವರ್ಷ ಬಾಕಿ ಇದ್ರೆ, ಅದರಲ್ಲಿ ಮೊದಲೇ ಬಿಡಿಸೋ ಷರತ್ತು ಇಲ್ಲದಿದ್ರೆ, ನೀವು ಕಾಯಲೇಬೇಕು. ಬ್ಯಾಂಕಿನ ಇಎಂಐ ಮಾತ್ರ ಕಾಯಲ್ಲ.

ಇಂಥ ಕರಾರು ಇಸಿಯಲ್ಲಿ ಕಾಣುತ್ತೆ. ಆದ್ರೆ ನಮ್ಮ ಕಡೆ ಹೆಚ್ಚಾಗಿ ನಡೆಯೋದು 11 ತಿಂಗಳ ಅಗ್ರಿಮೆಂಟು, ಇಲ್ಲಾಂದ್ರೆ ಬರೀ ಬಾಯಿಮಾತು. ಅದು ಇಸಿಯಲ್ಲೂ ಇರಲ್ಲ, ನಗರಸಭೆಯ ಇ-ಖಾತೆಯಲ್ಲೂ ಇರಲ್ಲ. ಹಾಗಾದ್ರೆ ‘ನಂಗೆ ಗೊತ್ತಿರ್ಲಿಲ್ಲ’ ಅನ್ನಬಹುದಾ? ಆಗಲ್ಲ. ಜಾಗದಲ್ಲಿ ಬೇರೆಯವರು ಕೂತಿದ್ದಾರೆ ಅಂದ್ರೆ, ಅವರಿಗಿರೋ ಹಕ್ಕು ಕೊಳ್ಳುವವರಿಗೆ ಗೊತ್ತಿತ್ತು ಅಂತಲೇ ಇದೇ ಕಾಯ್ದೆಯ ಸೆಕ್ಷನ್ 3 ಭಾವಿಸುತ್ತೆ. ಹಾಗಾಗಿ ಮಾಲೀಕರ ಜೊತೆ ಕಾಫಿ ಕುಡಿಯೋದಕ್ಕಿಂತ ಮೊದಲು ಬಾಡಿಗೆದಾರರ ಹತ್ರ ಹೋಗಿ ಕೂತ್ಕೊಳ್ಳಿ. ‘ಅಣ್ಣಾ, ಬಾಡಿಗೆ ಎಷ್ಟು? ಅಡ್ವಾನ್ಸ್ ಎಷ್ಟು ಕೊಟ್ಟಿದ್ದೀರಿ? ಈ ಅಂಗಡಿ ನಿಮಗೇ ಮಾರ್ತೀನಿ ಅಂತ ಏನಾದ್ರೂ ಬರ್ಕೊಟ್ಟಿದ್ದಾರಾ? ಒಳಬಾಡಿಗೆಗೆ ಯಾರಾದ್ರೂ ಇದ್ದಾರಾ?’ ಅಂತ ಕೇಳಿ. ಉತ್ತರಾನ ಬರಹದಲ್ಲಿ ತಗೊಂಡ್ರೆ ಇನ್ನೂ ಒಳ್ಳೇದು. ಅಡ್ವಾನ್ಸ್ ಯಾರು ವಾಪಸ್ ಕೊಡಬೇಕು ಅನ್ನೋದನ್ನ ಕ್ರಯದ ಕರಾರಿನಲ್ಲೇ ಬರೆಸಿ, ಅಷ್ಟು ಮೊತ್ತ ಬೆಲೆಯಲ್ಲಿ ಕಳೆದುಕೊಳ್ಳಿ.

ಇನ್ನು ಖಾಲಿ ಮಾಡಿಸೋ ವಿಷಯ. 14 ಚದರ ಮೀಟರ್, ಅಂದ್ರೆ ಸುಮಾರು 150 ಚದರ ಅಡಿಗಿಂತ ದೊಡ್ಡ ವಾಣಿಜ್ಯ ಮಳಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಗೆ ಒಳಪಡಲ್ಲ. ಅದಕ್ಕಿಂತ ಚಿಕ್ಕದಿದ್ರೆ ಮೊದಲು ವಕೀಲರನ್ನ ಕೇಳಿ. ದೊಡ್ಡದಿದ್ದು, ತಿಂಗಳ ಬಾಡಿಗೆ ಲೆಕ್ಕದಲ್ಲಿದ್ರೆ, ಸೆಕ್ಷನ್ 106ರಂತೆ 15 ದಿನದ ನೋಟಿಸ್ ಸಾಕು. ‘ನಂಗೆ ಸ್ವಂತಕ್ಕೆ ಬೇಕು’ ಅಂತ ಕಾರಣ ಸಾಬೀತು ಮಾಡೋ ಗೊಡವೇನೂ ಇಲ್ಲಿಲ್ಲ. ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕದಂಥ ಜಾಗವಾದ್ರೆ ಲೆಕ್ಕ ಬೇರೆ: ತಯಾರಿಕೆಗೆ ಕೊಟ್ಟ ಬಾಡಿಗೆಗೆ ಕಾಯ್ದೆ ಹೇಳೋದು 6 ತಿಂಗಳ ನೋಟಿಸ್. ಆದ್ರೆ ಅಲ್ಲೂ ಬಾಡಿಗೆ ಪತ್ರ ರಿಜಿಸ್ಟರ್ ಆಗಿದ್ಯಾ ಇಲ್ವಾ ಅನ್ನೋದರ ಮೇಲೆ ವಾದ ತಿರುಗುತ್ತೆ.

ನೋಟಿಸ್ ಅವಧಿ ಮುಗಿದ ಮೇಲೂ ಅವರು ಏಳದಿದ್ರೆ? ಸಿವಿಲ್ ಕೋರ್ಟಿಗೆ ದಾವೆ ಹಾಕ್ಬೇಕು. ರಾತ್ರೋರಾತ್ರಿ ಬೀಗ ಒಡೆಯೋದು, ಕರೆಂಟ್ ತೆಗೆಸೋದು ಬೇಡ್ವೇ ಬೇಡ. ಬಲವಂತವಾಗಿ ಹೊರಹಾಕಿದ್ರೆ, 6 ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸ್ ಪಡೆಯೋಕೆ ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 6 ಅವರಿಗೆ ದಾರಿ ಕೊಡುತ್ತೆ. ಅಲ್ಲಿ ನಿಮ್ಮ ಕ್ರಯಪತ್ರ ತೋರಿಸಿದ್ರೂ ಪ್ರಯೋಜನ ಇಲ್ಲ.

ಚಿಕ್ಕಬಳ್ಳಾಪುರ, ಗೌರಿಬಿದನೂರಿನಲ್ಲಿ ಹುಡುಕುವವರಿಗೆ ಇನ್ನೊಂದು ಮಾತು. ನಗರಸಭೆಯ ಮಳಿಗೆಯನ್ನ ‘ಗುಡ್‌ವಿಲ್’ ಹೆಸರಲ್ಲಿ ಯಾರಾದ್ರೂ ಮಾರೋಕೆ ಬಂದ್ರೆ, ನಿಮಗೆ ಸಿಗೋದು ಮಾಲೀಕತ್ವ ಅಲ್ಲ. ಆ ಕಟ್ಟಡ ನಗರಸಭೆಯದ್ದೇ.

ವ್ಯವಹಾರ ಬಿಡೋಕೆ ಮನಸ್ಸಿಲ್ಲ ಅಂದ್ರೆ ನಾನು ಹೇಳೋ ಕ್ರಮ ಇದು: ಮುಂಗಡ ಸ್ವಲ್ಪವೇ ಕೊಡಿ, ‘ಖಾಲಿ ಸ್ವಾಧೀನ ಕೊಟ್ಟ ದಿನವೇ ಬಾಕಿ ಹಣ ಮತ್ತು ಕ್ರಯಪತ್ರ’ ಅಂತ ಕರಾರಿನಲ್ಲಿ ಬರೆಸಿ, ಇಂಥ ತಾರೀಖಿನೊಳಗೆ ಆಗದಿದ್ರೆ ಮುಂಗಡ ವಾಪಸ್ ಅನ್ನೋದನ್ನೂ ಸೇರಿಸಿ. ಬಾಡಿಗೆದಾರರಿಗೆ ಹೊಸ ಜಾಗ ಹುಡುಕೋಕೆ, ಸಾಮಾನು ಸಾಗಿಸೋಕೆ ಒಂದಿಷ್ಟು ದುಡ್ಡು ಕೊಡಬೇಕಾಗಿ ಬಂದ್ರೆ ಅದನ್ನೂ ಮಾಲೀಕರ ಬೆಲೆಯಲ್ಲೇ ಚೌಕಾಸಿ ಮಾಡಿ.