ಮಾರ್ಕ್ಸ್ ಏರಿತು, ಮಕ್ಕಳು ಕಲಿತರಾ? ಅಟ್ಲಾಂಟಾದ ಒಂದು ಸರ್ಕಾರಿ ಶಾಲೆಯ ಕಥೆ

ವಿಡಿಯೋ ನೋಡೋಕೆ ಟೈಮ್ ಇಲ್ಲದವರಿಗಾಗಿ ಅದೇ ಮಾತನ್ನು ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೇನೆ.

ಹೋದ ಬೇಸಿಗೆ ರಜೆಗೆ ಅಕ್ಕನ ಮಗಳು ಪುಣೆಗೆ ಬಂದಿದ್ದಳು. ಊರಿನ ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸ್ ಮುಗಿಸಿದ್ದಳು. ಗಣಿತಕ್ಕೆ ಎ ಪ್ಲಸ್. ತರಕಾರಿ ಅಂಗಡಿಯಲ್ಲಿ ಸುಮ್ಮನೆ ಕೇಳಿದೆ, "ಕೆಜಿಗೆ 60 ರೂಪಾಯಿ ಅಂದ್ರೆ ಕಾಲು ಕೆಜಿಗೆ ಎಷ್ಟು ಪುಟ್ಟಿ?" ಹುಡುಗಿ ನೆಲ ನೋಡಿಕೊಂಡು ನಿಂತಳು. ಮನೆಗೆ ಬಂದು ಪೆನ್ನು ಕಾಗದ ಕೊಟ್ಟೆ. ಆಗಲೂ ಆಗಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದಳು, "ಮಾಮಾ, ಟೆಸ್ಟಲ್ಲಿ ಬೋರ್ಡ್ ಮೇಲೆ ಇದ್ದದ್ದನ್ನ ನೋಡಿ ಬರೀತಿದ್ವಿ."

ಟೀಚರ್‌ನ ಬೈಯೋದು ಸುಲಭ. ಆದರೆ ಆ ಎ ಪ್ಲಸ್ ಅಲ್ಲಿಗೆ ಹೇಗೆ ಬಂತು ಅನ್ನೋದು ನನಗೆ ಮುಖ್ಯ ಅನ್ನಿಸಿತು. ಇದನ್ನು ಅರ್ಥ ಮಾಡಿಕೊಳ್ಳೋಕೆ ಅಮೆರಿಕದ ಅಟ್ಲಾಂಟಾ ನಗರದ ಪಾರ್ಕ್ಸ್ ಮಿಡಲ್ ಸ್ಕೂಲ್ ಕಥೆ ಚೆನ್ನಾಗಿದೆ. ಯಾಕಂದ್ರೆ ಅಲ್ಲಿ ಸರ್ಕಾರವೇ ತನಿಖೆ ಮಾಡಿಸಿ ಎಲ್ಲವನ್ನೂ ದಾಖಲಿಸಿದೆ.

ಒತ್ತಡ ಎಲ್ಲಿಂದ ಬಂತು?

ಅಮೆರಿಕದಲ್ಲಿ 2002ರಲ್ಲಿ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಅನ್ನೋ ಕಾನೂನು ಬಂತು. ಪ್ರತಿ ಶಾಲೆಯಲ್ಲೂ ಓದು ಮತ್ತು ಗಣಿತದ ಪರೀಕ್ಷೆ. ಪಾಸಾಗೋ ಮಕ್ಕಳ ಪ್ರಮಾಣ ಏರುತ್ತಾ ಹೋಗಿ 2014ಕ್ಕೆ ನೂರಕ್ಕೆ ನೂರು ಆಗಬೇಕು. ಗುರಿ ಮುಟ್ಟದ ಶಾಲೆಗೆ ಹಂತ ಹಂತವಾಗಿ ಶಿಕ್ಷೆ. ಅಟ್ಲಾಂಟಾ ಜಿಲ್ಲೆ ಇದರ ಮೇಲೆ ತನ್ನದೇ ಟಾರ್ಗೆಟ್ ಇಟ್ಟಿತು. ಮುಟ್ಟಿದರೆ ಬೋನಸ್, ಮುಟ್ಟದಿದ್ದರೆ ಪ್ರಿನ್ಸಿಪಾಲ್ ಕುರ್ಚಿಗೇ ಕುತ್ತು.

ಪಾರ್ಕ್ಸ್ ಇದ್ದದ್ದು ಬಡವರ ಬಡಾವಣೆಯಲ್ಲಿ. 2005ರಲ್ಲಿ ಅಲ್ಲಿ ಗಣಿತ ಪಾಸಾದ 8ನೇ ಕ್ಲಾಸ್ ಮಕ್ಕಳು ಶೇ. 24. ಮರುವರ್ಷ ಶೇ. 86! ಒಂದೇ ವರ್ಷದಲ್ಲಿ. ಶಾಲೆಗೆ ಹೊಗಳಿಕೆ ಸುರಿಮಳೆ. ಜಿಲ್ಲೆಯ ಮುಖ್ಯಸ್ಥೆ ಬೆವರ್ಲಿ ಹಾಲ್ ಅವರಿಗೆ 2009ರಲ್ಲಿ ರಾಷ್ಟ್ರಮಟ್ಟದ ವರ್ಷದ ಸೂಪರಿಂಟೆಂಡೆಂಟ್ ಗೌರವ.

ಸಿಕ್ಕಿಬಿದ್ದದ್ದು ಹೇಗೆ?

ಇದು ನಮ್ಮಂಥ ಎಂಜಿನಿಯರುಗಳಿಗೆ ಇಷ್ಟವಾಗೋ ಭಾಗ. ಪರೀಕ್ಷೆ ಓಎಂಆರ್ ಶೀಟಿನದು, ಪೆನ್ಸಿಲ್‌ನಲ್ಲಿ ಗುಂಡಿ ತುಂಬಬೇಕು. ರಬ್ಬರ್‌ನಲ್ಲಿ ಅಳಿಸಿದರೂ ಮಸುಕು ಗುರುತು ಉಳಿಯುತ್ತೆ, ಸ್ಕ್ಯಾನರ್ ಅದನ್ನೂ ಓದುತ್ತೆ. ಮಕ್ಕಳು ಉತ್ತರ ಬದಲಾಯಿಸೋದು ಸಹಜ. ಆದರೆ ತಪ್ಪು ಅಳಿಸಿ ಸರಿ ಮಾಡಿದ್ದು ಎಷ್ಟು ಸಲ?

2009ರ ಪರೀಕ್ಷೆಯಲ್ಲಿ ಇಡೀ ಜಾರ್ಜಿಯಾ ರಾಜ್ಯಕ್ಕೆ ಇದರ ಸರಾಸರಿ ತೆಗೆದರು. ಆ ಸರಾಸರಿಯಿಂದ 3 ಸ್ಟ್ಯಾಂಡರ್ಡ್ ಡೀವಿಯೇಷನ್‌ಗಿಂತ ಮೇಲಿದ್ದ ಕ್ಲಾಸ್‌ಗಳನ್ನು ಫ್ಲ್ಯಾಗ್ ಮಾಡಿದರು. ನಾರ್ಮಲ್ ಡಿಸ್ಟ್ರಿಬ್ಯೂಷನ್ ಲೆಕ್ಕದಲ್ಲಿ ಆಕಸ್ಮಿಕವಾಗಿ ಹೀಗಾಗೋದು ಸಾವಿರ ಕ್ಲಾಸಿಗೆ ಒಂದೋ ಎರಡೋ. ಪಾರ್ಕ್ಸ್‌ನಲ್ಲಿ ಹತ್ತಿರ ಹತ್ತಿರ ಹತ್ತಕ್ಕೆ ಒಂಬತ್ತು ಕ್ಲಾಸ್ ಫ್ಲ್ಯಾಗ್ ಆದವು.

2011ರ ತನಿಖಾ ವರದಿ ಪ್ರಕಾರ ಅಟ್ಲಾಂಟಾದ 44 ಶಾಲೆಗಳಲ್ಲಿ 178 ಶಿಕ್ಷಕರು ಮತ್ತು ಪ್ರಿನ್ಸಿಪಾಲರು ಇದರಲ್ಲಿ ಭಾಗಿ. 82 ಮಂದಿ ಒಪ್ಪಿಕೊಂಡರು. 2015ರಲ್ಲಿ ನ್ಯಾಯಾಲಯ 11 ಜನರನ್ನು ಸಂಘಟಿತ ಅಪರಾಧದ ಕಾನೂನಿನಡಿ ತಪ್ಪಿತಸ್ಥರು ಅಂದಿತು. ಹಾಲ್ ಅವರ ಮೇಲೂ ಆರೋಪ ಇತ್ತು. ಅವರು ಕೊನೆತನಕ ನಿರಾಕರಿಸಿದರು, ವಿಚಾರಣೆ ಎದುರಿಸುವ ಮೊದಲೇ ತೀರಿಕೊಂಡರು.

ಪೆಟ್ಟು ಬಿದ್ದದ್ದು ಯಾರಿಗೆ?

ಈ ಸಂಗತಿ ಓದಿದಾಗ ನನಗೆ ಅಕ್ಕನ ಮಗಳೇ ಕಣ್ಣ ಮುಂದೆ ಬಂದಳು. ಮಾರ್ಕ್ಸ್ ಏರಿದ್ದಕ್ಕೆ ಪಾರ್ಕ್ಸ್ ಶಾಲೆ "ಹಿಂದುಳಿದ" ಪಟ್ಟಿಯಿಂದ ಹೊರಬಂತು. ಹಿಂದುಳಿದ ಮಕ್ಕಳಿಗೆ ಅಂತ ಬರುತ್ತಿದ್ದ ಸುಮಾರು 7.5 ಲಕ್ಷ ಡಾಲರ್ ನೆರವು ನಿಂತುಹೋಯ್ತು. ಜ್ವರ ಬಂದವನ ಥರ್ಮಾಮೀಟರನ್ನು ತಣ್ಣೀರಿಗೆ ಅದ್ದಿ, ಜ್ವರ ಇಳೀತು ಅಂತ ಮಾತ್ರೆ ನಿಲ್ಲಿಸಿದ ಹಾಗೆ. ಓದೋಕೆ ಕಷ್ಟಪಡುತ್ತಿದ್ದ ಮಗು ಕಾಗದದಲ್ಲಿ ಜಾಣ ಆಗಿ ಹೈಸ್ಕೂಲಿಗೆ ಹೋಯ್ತು.

ನಮಗಿದು ಹೊಸದಲ್ಲ. ನಾನಿದ್ದ ಒಂದು ಟೀಮಿನಲ್ಲಿ ಪೆಂಡಿಂಗ್ ಟಿಕೆಟ್ ಕಮ್ಮಿ ಮಾಡಿ ಅಂತ ಟಾರ್ಗೆಟ್ ಕೊಟ್ಟರು. ನಾವು ಹಳೇ ಟಿಕೆಟ್ ಮುಚ್ಚಿ ಹೊಸ ನಂಬರಿನಲ್ಲಿ ತೆರೆದೆವು. ಡ್ಯಾಶ್‌ಬೋರ್ಡ್ ಹಸಿರಾಯಿತು, ಬಗ್ ಅಲ್ಲೇ ಇತ್ತು. ಅಳತೆಗೋಲಿಗೆ ಬೋನಸ್ಸು, ಭಯ ಎರಡನ್ನೂ ಕಟ್ಟಿದರೆ ಜನ ಅಳತೆಗೋಲನ್ನೇ ಬಗ್ಗಿಸುತ್ತಾರೆ. ಸಮಾಜವಿಜ್ಞಾನದಲ್ಲಿ ಇದನ್ನು ಕ್ಯಾಂಪ್‌ಬೆಲ್ ನಿಯಮ ಅಂತಾರೆ.

ಹಾಗಂತ ಪರೀಕ್ಷೆಯೇ ಬೇಡ ಅಂತ ನಾನು ಹೇಳ್ತಿಲ್ಲ. ಅಟ್ಲಾಂಟಾದ ಮೋಸ ಹಿಡಿದದ್ದೂ ಅಂಕಿಯೇ. ನಮ್ಮ ದೇಶದ ಅಸರ್ ಸಮೀಕ್ಷೆ ನೋಡಿ. ಹಳ್ಳಿ ಮನೆಗಳಿಗೇ ಹೋಗಿ ಒಂದೊಂದು ಮಗುವನ್ನೂ ಕೂರಿಸಿ ಓದಿಸುತ್ತಾರೆ, ಲೆಕ್ಕ ಮಾಡಿಸುತ್ತಾರೆ. ಮಗುವಿಗಾಗಲಿ ಟೀಚರಿಗಾಗಲಿ ಬಹುಮಾನವೂ ಇಲ್ಲ, ಶಿಕ್ಷೆಯೂ ಇಲ್ಲ. ಹಾಗಾಗಿ ಉತ್ತರ ತಿದ್ದೋಕೆ ಯಾರಿಗೂ ಕಾರಣವೇ ಇಲ್ಲ. 2022ರಲ್ಲಿ 8ನೇ ಕ್ಲಾಸಿನ ಗ್ರಾಮೀಣ ಮಕ್ಕಳಲ್ಲಿ ಭಾಗಾಕಾರ ಮಾಡಬಲ್ಲವರು ಶೇ. 44.7 ಮಾತ್ರ. ಅಂದ್ರೆ ನಮ್ಮ ಪುಟ್ಟಿ ಒಬ್ಬಳೇ ಅಲ್ಲ.

ಊರಲ್ಲಿರೋ ಮಕ್ಕಳ ಮಾರ್ಕ್ಸ್ ಕಾರ್ಡ್ ವಾಟ್ಸಾಪ್‌ನಲ್ಲಿ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಪರೀಕ್ಷೆ ನಡೆಸಿದ್ದು ಯಾರು, ತಿದ್ದಿದ್ದು ಯಾರು? ಅಂಕ ಕಮ್ಮಿ ಬಂದರೆ ಯಾರಿಗೆ ತೊಂದರೆ? ಇದೇ ಮಗು ಹೋದ ವರ್ಷ ಎಲ್ಲಿತ್ತು, ಈಗ ಎಲ್ಲಿದೆ? ಮೊದಲೆರಡಕ್ಕೂ ಒಬ್ಬರೇ ಉತ್ತರ ಆಗಿದ್ದರೆ, ಕಾರ್ಡ್ ಪಕ್ಕಕ್ಕಿಟ್ಟು ಮಗುವಿನ ಜೊತೆ ಹತ್ತು ನಿಮಿಷ ಕೂತುಕೊಳ್ಳಿ.

ನಾನೀಗ ಪ್ರತಿ ಭಾನುವಾರ ಸಂಜೆ ವಿಡಿಯೋ ಕಾಲ್‌ನಲ್ಲಿ ಪುಟ್ಟಿಗೆ ಅರ್ಧ ಗಂಟೆ ಲೆಕ್ಕ ಹೇಳಿಕೊಡ್ತೀನಿ. ಮೊನ್ನೆ ಶಾಲೆಯ ಟೆಸ್ಟಲ್ಲಿ ಬೋರ್ಡ್ ನೋಡದೆ ಬರೆದಳಂತೆ. ಬಿ ಬಂದಿದೆ. ಅಕ್ಕ ಫೋನ್ ಮಾಡಿ ಬೇಜಾರು ಮಾಡಿಕೊಂಡಳು. ನನಗೆ ಮಾತ್ರ ಆ ಎ ಪ್ಲಸ್‌ಗಿಂತ ಈ ಬಿ ಮೇಲೇ ನಂಬಿಕೆ.

ನಿಮ್ಮ ಮನೆಯ ಅನುಭವ ಕೆಳಗೆ ಬರೆಯಿರಿ. ಮುಂದಿನ ಮಾತಿನಲ್ಲಿ ಸಿಗೋಣ.