ಪ್ಲೂಟೋನಿಯಂ ಎಂಥ ವಿಷ?

ಪ್ಲೂಟೋನಿಯಂ ಲೋಕದ ಅತಿ ಘೋರವಾದ ವಿಷವೆಂದೂ, ಅದರ ಒಂದು ಚಿಟಿಕೆ ಒಂದು ಪಟ್ಟಣವನ್ನೇ ಹಾಳುಗೆಡವಬಲ್ಲುದೆಂದೂ ಹೇಳುವವರುಂಟು. ತರಗತಿಯಲ್ಲಿ ಹುಡುಗರೂ ಇದನ್ನೇ ಕೇಳುತ್ತಾರೆ. ಕಲ್ಪಾಕ್ಕಂ ನಮ್ಮ ತಮಿಳುನಾಡಿನ ಕಡಲ ಕರೆಯಲ್ಲಿಯೇ ಇದೆ. 1985ರಲ್ಲಿ ಅಲ್ಲಿ ಮೊದಲು ನಡೆದ ಪರೀಕ್ಷಾ ಬ್ರೀಡರ್ ರಿಯಾಕ್ಟರಿಗೆ ಪ್ಲೂಟೋನಿಯಂ ಬೆರೆತ ಕಾರ್ಬೈಡೇ ಇಂಧನ. ಆದುದರಿಂದ ಹೊಸೂರು, ಕೃಷ್ಣಗಿರಿ ಕಡೆಯ ಉಪಾಧ್ಯಾಯರಾದ ನಾವು ಈ ಪ್ರಶ್ನೆಯಿಂದ ನುಣುಚಿಕೊಳ್ಳುವಂತಿಲ್ಲ.

ವಿಷ ಎಷ್ಟು ಎಂಬುದಕ್ಕಿಂತ ಅದು ಯಾವ ದಾರಿಯಿಂದ ಮೈ ಹೊಗುತ್ತದೆ ಎಂಬುದೇ ಇಲ್ಲಿ ಮುಖ್ಯ. ಈ ಲೋಹವು ಹೆಚ್ಚಾಗಿ ಸೂಸುವುದು ಆಲ್ಫಾ ಕಣಗಳನ್ನು. ಒಂದು ಹಾಳೆ ಕಾಗದವಾಗಲಿ ನಮ್ಮ ಹೊರಚರ್ಮವಾಗಲಿ ಅವನ್ನು ತಡೆಯಬಲ್ಲುದು. ನುಂಗಿದರೂ ಕರುಳು ಹೀರುವುದು ಸುಮಾರು ಎರಡು ಸಾವಿರದಲ್ಲಿ ಒಂದು ಪಾಲು, ಇಲ್ಲವೆ ಅದಕ್ಕೂ ಕಡಿಮೆ. ನಮ್ಮ ಸೀಮೆಯ ಕೊಳವೆಬಾವಿಗಳ ಫ್ಲೋರೈಡು ನೀರಿನೊಡನೆ ಹೊಟ್ಟೆಗೆ ಹೋಗಿಯೇ ಹಲ್ಲು ಮೂಳೆಗಳನ್ನು ಕೆಡಿಸುತ್ತದೆ. ಪ್ಲೂಟೋನಿಯಮ್ಮಿನ ದಾರಿ ಬೇರೆ. ಅದು ಉಸಿರಿನ ದಾರಿ. ನವುರಾದ ಧೂಳಾಗಿ ಶ್ವಾಸಕೋಶವನ್ನು ಸೇರಿದರೆ ವರ್ಷಗಟ್ಟಲೆ ಅಲ್ಲಿ ನೆಲಸಿ, ಪಕ್ಕದ ಜೀವಕೋಶಗಳನ್ನು ಎಡೆಬಿಡದೆ ಹೊಡೆಯುತ್ತದೆ. ಅಲ್ಲಿಂದ ರಕ್ತಕ್ಕೆ ಇಳಿದು ಪಿತ್ತಕೋಶವಲ್ಲ, ಯಕೃತ್ತು ಮತ್ತು ಮೂಳೆಗಳಲ್ಲಿ ತಂಗುತ್ತದೆ. ಮೂಳೆಯಲ್ಲಿ ಕೂತುದರ ಅರ್ಧ ಹೊರಬೀಳಲು ಸುಮಾರು 50 ವರ್ಷ ಬೇಕು. ಗಾಯದ ಮೂಲಕವೂ ಅದು ಒಳಹೊಗಬಹುದು. ಪ್ಲೂಟೋನಿಯಂ-239ರ ಅರ್ಧಾಯುಷ್ಯವೋ, 24,100 ವರ್ಷ!

ಇದು ಬರಿಯ ಊಹೆಯಲ್ಲ. 1948ರಲ್ಲಿ ಕೆಲಸ ತೊಡಗಿದ ರಷ್ಯದ ಮಾಯಾಕ್ ಕಾರ್ಖಾನೆಯ ಕೆಲಸಗಾರರಲ್ಲಿ, ಒಳಹೋದ ಪ್ಲೂಟೋನಿಯಂ ಹೆಚ್ಚಿದಂತೆ ಶ್ವಾಸಕೋಶ, ಯಕೃತ್ತು, ಮೂಳೆಗಳ ಕ್ಯಾನ್ಸರೂ ಹೆಚ್ಚಿತು. ಅಮೆರಿಕದ ಲಾಸ್ ಅಲಾಮಾಸ್‌ನಲ್ಲಿ ಯುದ್ಧಕಾಲದಲ್ಲಿ ಇದನ್ನು ಒಳಗೊಂಡ 26 ಮಂದಿಯನ್ನು ವೈದ್ಯರು ದಶಕಗಳ ಕಾಲ ಪರೀಕ್ಷಿಸಿದರು. ಒಬ್ಬರಿಗೆ ಮೂಳೆಯ ಕ್ಯಾನ್ಸರು ಬಂತು; ಹಲವರು ಮುಪ್ಪಿನವರೆಗೆ ಬದುಕಿದರು. ಇಷ್ಟು ಕಡಿಮೆ ಜನರಿಂದ ಅಭಯವಚನ ಕೊಡಲಾಗದು. ಮುಟ್ಟಿದವರೆಲ್ಲ ಸತ್ತರೆಂಬ ಮಾತಂತೂ ಸುಳ್ಳು. ಅಲ್ಲಿಯೇ 1945ರಲ್ಲಿ ಡಾಗ್ಲಿಯನ್, 1946ರಲ್ಲಿ ಸ್ಲೋಟಿನ್ ತೀರಿಕೊಂಡುದು ವಿಷದಿಂದಲ್ಲ. ಪ್ಲೂಟೋನಿಯಂ ಗುಂಡಿನಲ್ಲಿ ಹಠಾತ್ತಾಗಿ ಸರಣಿಕ್ರಿಯೆ ಹೊತ್ತಿ ಹೊಮ್ಮಿದ ವಿಕಿರಣದಿಂದ. ಬಯಲಿನ ಬಾಂಬು ಪರೀಕ್ಷೆಗಳು ಕೆಲವು ಟನ್ನುಗಳಷ್ಟನ್ನು ವಾಯುಮಂಡಲಕ್ಕೆ ಚೆಲ್ಲಿವೆ. ಚಿಟಿಕೆಗೊಂದು ಪಟ್ಟಣ ಎಂಬ ಲೆಕ್ಕ ನಿಜವಾಗಿದ್ದರೆ ಇದನ್ನು ಓದಲು ಯಾರೂ ಉಳಿಯುತ್ತಿರಲಿಲ್ಲ.

ಭಯಪಡಬೇಕಾದುದು ಧೂಳಿಗೆ. ಆದ ಕಾರಣ ಈ ಇಂಧನವನ್ನು ತಯಾರಿಸುವವರು ಮುಚ್ಚಿದ ಗಾಜಿನ ಪೆಟ್ಟಿಗೆಯೊಳಕ್ಕೆ, ಅದಕ್ಕೇ ಜೋಡಿಸಿದ ರಬ್ಬರು ಕೈಚೀಲಗಳ ಮೂಲಕ ಕೈಹಾಕಿ ಕೆಲಸ ಮಾಡುತ್ತಾರೆ. ಪೆಟ್ಟಿಗೆಯೊಳಗಿನ ಒತ್ತಡ ಕೋಣೆಯದಕ್ಕಿಂತ ಕಡಿಮೆಯಿರುತ್ತದೆ. ಎಲ್ಲಿಯಾದರೂ ಬಿರುಕು ಬಿಟ್ಟರೆ ಹೊರಗಿನ ಗಾಳಿ ಒಳಕ್ಕೆ ನುಗ್ಗುವುದು, ಒಳಗಿನ ಧೂಳು ಹೊರಕ್ಕೆ ಬಾರದು.